ಓದುಗರ ಪ್ರಶ್ನೆ: ಇಗ್ವಾನಾ ಗೂಡಿಗೆ ಬೆಳಕು, ಬಿಸಿ

ಪ್ರಶ್ನೆ: ನಮ್ಮಲ್ಲಿ ಒಂದು ವರ್ಷದ ಹಸಿರು ಇಗ್ವಾನಾ ಇದೆ. ಗೂಡು ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ, ನಾಲ್ಕು ಅಡಿ ಎತ್ತರ. ಮೇಲೆ 100 ವಾಟ್ ಬಲ್ಬ್ ಹಾಕಿದ್ದೇವೆ. ಗಾಜಿನ ಕಿಟಕಿಯಿಂದ ದಿನವೂ ಬಿಸಿಲು ಬೀಳುತ್ತದೆ. ಆದರೂ ಹದಿನೈದು ದಿನಗಳಿಂದ ಅದರ ಕಾಲ್ಬೆರಳು ಅದುರುತ್ತಿವೆ. ಬಲ್ಬ್ ಸಾಲದೇ?
– ಓದುಗರು, ಮಣಿಪಾಲ

ಉತ್ತರ: ಬಲ್ಬ್ ಬದಲಿಸುವ ಮೊದಲು ಸರೀಸೃಪಗಳಿಗೆ ಚಿಕಿತ್ಸೆ ನೀಡಿ ಗೊತ್ತಿರುವ ಪಶುವೈದ್ಯರಿಗೆ ತೋರಿಸಿ, ತಡ ಮಾಡಬೇಡಿ. ಬೆರಳು ಅದುರುವುದು ಹೆಚ್ಚಾಗಿ ರಕ್ತದಲ್ಲಿ ಕ್ಯಾಲ್ಸಿಯಂ ಇಳಿದಾಗ. ಕೆಳದವಡೆ ಮೆತ್ತಗಾಗಿದ್ದರೆ ಮೂಳೆಗೂ ಪೆಟ್ಟು ಬಿದ್ದಿದೆ.

ನಿಮ್ಮ ಗೂಡಿನಲ್ಲಿ ಬಿಸಿ ಇದೆ, ಯುವಿಬಿ (ಬಿಸಿಲಿನಲ್ಲಿರುವ ಒಂದು ಬಗೆಯ ಅತಿನೇರಳೆ ಕಿರಣ) ಇಲ್ಲ. ಚರ್ಮದಲ್ಲಿ ಡಿ3 ಜೀವಸತ್ವ ತಯಾರಾಗಲು ಬೇಕಾದ ಈ ಕಿರಣವನ್ನು ಕಿಟಕಿ ಗಾಜು ಬಹುಪಾಲು ತಡೆದುಬಿಡುತ್ತದೆ. ಸಾದಾ ಬಲ್ಬ್, ಎಲ್ಇಡಿ, ಮೀನಿನ ತೊಟ್ಟಿಯ ನೀಲಿ ದೀಪ ಯಾವುದೂ ಅದನ್ನು ಕೊಡುವುದಿಲ್ಲ. ಡಿ3 ಇಲ್ಲದೆ ಸೊಪ್ಪಿನಲ್ಲಿರುವ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ.

ಸರೀಸೃಪಗಳಿಗೆಂದೇ ಬರುವ ಟಿ5 ಎಚ್ಒ (ತೆಳುವಾದ, ಹೆಚ್ಚು ಪ್ರಖರವಾದ) ಯುವಿಬಿ ಟ್ಯೂಬ್ ತನ್ನಿ: ಎರಡು ಅಡಿಯದು, 24 ವಾಟ್, ಯುವಿಬಿ ಶೇ. 10 ಅಥವಾ 12ರದ್ದು, ಹಿಂದೆ ರಿಫ್ಲೆಕ್ಟರ್ ಇರಲಿ. ಸುರುಳಿಯಾಕಾರದ ಯುವಿಬಿ ಬಲ್ಬ್ ಅಗ್ಗ, ಆದರೆ ಅದರ ಕಿರಣ ಬೀಳುವ ಜಾಗ ತೀರಾ ಚಿಕ್ಕದು, ಇಗ್ವಾನಾಕ್ಕೆ ಬೇಡ. ಟ್ಯೂಬಿನಿಂದ ಪ್ರಾಣಿಯ ಬೆನ್ನಿಗೆ ಎಷ್ಟು ದೂರ ಎಂಬುದೇ ಮುಖ್ಯ. ನಡುವೆ ಜಾಲರಿ ಇದ್ದರೆ 25ರಿಂದ 30 ಸೆಂ.ಮೀ., ಇಲ್ಲದಿದ್ದರೆ 35ರಿಂದ 40. ಸಣ್ಣ ಕಣ್ಣಿನ ಜಾಲರಿ ಮೂರನೇ ಒಂದು ಪಾಲು ಕಿರಣವನ್ನು ತಾನೇ ತಿನ್ನುತ್ತದೆ. ಹಾಗಿದ್ದರೂ ದೀಪಗಳು ಜಾಲರಿಯ ಹೊರಗೇ ಇರಲಿ, ಇಗ್ವಾನಾ ಹತ್ತಿ ಅಪ್ಪಿಕೊಂಡು ಹೊಟ್ಟೆ ಸುಟ್ಟುಕೊಳ್ಳುತ್ತದೆ. ವರ್ಷಕ್ಕೊಮ್ಮೆ ಟ್ಯೂಬ್ ಬದಲಿಸಿ. ಬೆಳಕು ಚೆನ್ನಾಗಿಯೇ ಕಾಣುತ್ತಿದ್ದರೂ ಯುವಿಬಿ ಕುಂದಿರುತ್ತದೆ.

ಬಿಸಿಯ ಬಲ್ಬ್ ಟ್ಯೂಬಿನ ಪಕ್ಕದಲ್ಲೇ ಇರಬೇಕು, ಎರಡೂ ಒಂದೇ ಕೊಂಬೆಯ ಮೇಲೆ ಬೀಳಬೇಕು. ಪೇರಳೆಯ ದಪ್ಪ ಕೊಂಬೆಯನ್ನು ಅಡ್ಡಕ್ಕೆ ಕಟ್ಟಿ. ಕೊಂಬೆಯ ಮೇಲೆ 35 ಡಿಗ್ರಿ ಸೆಲ್ಸಿಯಸ್, ಗೂಡಿನ ಇನ್ನೊಂದು ತುದಿಯಲ್ಲಿ 26–28 ಇರಲಿ. ಪ್ರೋಬ್ ಇರುವ ಡಿಜಿಟಲ್ ಥರ್ಮಾಮೀಟರ್ ಎರಡು ಕಡೆಯೂ ಬೇಕು. ಹ್ಯಾಲೊಜೆನ್ ಬಲ್ಬಿಗೆ ಡಿಮ್ಮಿಂಗ್ ಥರ್ಮೊಸ್ಟಾಟ್ (ಬಿಸಿ ಏರಿದಂತೆ ಬಲ್ಬನ್ನು ಮಂಕಾಗಿಸುವ ಸಾಧನ) ಸರಿ, ಆದರೆ ಟ್ಯೂಬನ್ನು ಅದಕ್ಕೆ ಜೋಡಿಸಬಾರದು. ಮಾರ್ಚ್‌ನಿಂದ ಮೇವರೆಗೆ ನಮ್ಮೂರ ಸೆಕೆಗೆ 100 ವಾಟ್ ಅತಿಯಾಗುತ್ತದೆ. 50ಕ್ಕೆ ಇಳಿಸಿ, ಕೆಲವು ಮಧ್ಯಾಹ್ನ ಬಲ್ಬನ್ನು ಆರಿಸಿಯೇ ಇಡಿ. ಟ್ಯೂಬ್ ಮಾತ್ರ ಟೈಮರ್‌ನಲ್ಲಿ ದಿನಕ್ಕೆ 12 ಗಂಟೆ ಉರಿಯಲಿ. ರಾತ್ರಿ ಪೂರ್ತಿ ಕತ್ತಲೆ ಬೇಕು, ಕೆಂಪು ಬಲ್ಬ್ ಕೂಡ ಬೇಡ. ಕೋಣೆ 22 ಡಿಗ್ರಿಗಿಂತ ತಣ್ಣಗಾದರೆ ಬೆಳಕು ಬಾರದ ಸೆರಾಮಿಕ್ ಹೀಟರ್ ಹಾಕಿ. ಬಿಸಿ ಕಲ್ಲನ್ನಂತೂ ತರಲೇಬೇಡಿ. ಹೊಟ್ಟೆಯ ಚರ್ಮ ಬೇಯುವವರೆಗೂ ಪ್ರಾಣಿ ಅದರ ಮೇಲಿಂದ ಏಳುವುದಿಲ್ಲ.

ಪ್ರಶ್ನೆ: ಮಳೆಗಾಲದಲ್ಲಿ ನಮ್ಮ ಇಗ್ವಾನಾ ಗೂಡಿನ ಹೋಲ್ಡರ್ ಪದೇ ಪದೇ ಹಾಳಾಗುತ್ತದೆ, ಪ್ಲೈವುಡ್ ಉಬ್ಬಿದೆ. ದಿನಕ್ಕೆ ಮೂರು ಸಲ ನೀರು ಸಿಂಪಡಿಸುತ್ತೇವೆ.
– ಓದುಗರು, ಮಲ್ಪೆ

ಉತ್ತರ: ಆಟಿಯ ಮಳೆಯಲ್ಲಿ ಸಿಂಪಡಿಸುವುದೇ ಬೇಡ. ಇಗ್ವಾನಾಕ್ಕೆ ಶೇ. 65–80 ತೇವ ಸಾಕು, ಆ ದಿನಗಳಲ್ಲಿ ಗಾಳಿಯಲ್ಲೇ ಅದಕ್ಕಿಂತ ಹೆಚ್ಚು ಇರುತ್ತದೆ. ಗೂಡಿನ ಎರಡು ಎದುರು ಬದಿಗಳಲ್ಲಿ, ಒಂದು ಕೆಳಗೆ ಒಂದು ಮೇಲೆ, ಜಾಲರಿ ಕಿಂಡಿ ತೆಗೆಯಿರಿ. ಗಾಳಿ ಆಡದಿದ್ದರೆ ಬೂಷ್ಟು ಬರುತ್ತದೆ, ಚರ್ಮದ ಮೇಲೆ ಕಂದು ಕಲೆ ಏಳುತ್ತದೆ. ಪ್ಲೈವುಡ್ ಬದಲು ಡಬ್ಲ್ಯುಪಿಸಿ (ಮರದ ಪುಡಿ, ಪ್ಲಾಸ್ಟಿಕ್ ಬೆರೆಸಿದ) ಹಲಗೆ ಹಾಕಿಸಿ. ಪ್ಲಾಸ್ಟಿಕ್ ಹೋಲ್ಡರ್ ಬಿಸಿಗೆ ಕರಗುತ್ತದೆ, ಪಿಂಗಾಣಿಯದೇ ಬೇಕು. ಉಪ್ಪುಗಾಳಿಗೆ ಒಳಗಿನ ಹಿತ್ತಾಳೆ ಹಸಿರುಗಟ್ಟಿದರೆ ಕಿಡಿ ಹಾರುತ್ತದೆ. ಹಾಗಾಗಿ ತಿಂಗಳಿಗೊಮ್ಮೆ ಪ್ಲಗ್ ಕಿತ್ತು ನೋಡಿ, ಹಸಿರುಗಟ್ಟಿದ್ದನ್ನು ಬದಲಿಸಿ. ವೈರು ಸಾಕೆಟ್ಟಿಗಿಂತ ಕೆಳಗೆ ಇಳಿದು ಮತ್ತೆ ಮೇಲೇರಿ ಬರಲಿ, ಆಗ ಹನಿ ಸಾಕೆಟ್ಟಿನೊಳಗೆ ಹೋಗದು. ಅರ್ಥಿಂಗ್ ಮತ್ತು 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಇಲ್ಲದ ಲೈನಿಗೆ ಈ ದೀಪ ಹಾಕಬೇಡಿ. ಕರೆಂಟ್ ಕೆಲವು ಗಂಟೆ ಹೋದರೆ ಗಾಬರಿ ಬೇಡ, ಕರಾವಳಿಯ ಕೋಣೆ ಅಷ್ಟರಲ್ಲಿ ಅಪಾಯವಾಗುವಷ್ಟು ತಣ್ಣಗಾಗದು.

ಪ್ರಶ್ನೆ: ತೋಟದ ಕೆರೆಯಲ್ಲಿ ಕಪ್ಪು ಆಮೆ ಸಿಕ್ಕಿದೆ. ಮನೆಯ ತೊಟ್ಟಿಯಲ್ಲಿ ಸಾಕಲು ಯಾವ ದೀಪ ಬೇಕು?
– ಓದುಗರು, ಕಾರ್ಕಳ

ಉತ್ತರ: ದೀಪ ಬೇಡ, ಸಾಕಲೂಬೇಡಿ. ನಮ್ಮ ನಾಡಿನ ಆಮೆಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ, ಮನೆಯಲ್ಲಿ ಇಟ್ಟುಕೊಳ್ಳುವುದು ಅಪರಾಧ. ಗಾಯವಿಲ್ಲದಿದ್ದರೆ ಇವತ್ತೇ ಅದೇ ಕೆರೆಗೆ ಬಿಡಿ. ಚಿಪ್ಪು ಒಡೆದಿದ್ದರೆ ಗಾಳಿಯಾಡುವ ಡಬ್ಬಿಯಲ್ಲಿ ಒದ್ದೆ ಬಟ್ಟೆ ಹಾಸಿ ಅರಣ್ಯ ಇಲಾಖೆಯ ವಲಯ ಕಚೇರಿಗೆ ಒಪ್ಪಿಸಿ. ಇಗ್ವಾನಾ ಸಾಕುವವರೂ ಗಮನಿಸಿ: ಅದು ಸೈಟಿಸ್ (ವನ್ಯಜೀವಿ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯ ವಿದೇಶಿ ಪ್ರಾಣಿ. 2024ರ ನಿಯಮದಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಲೇಬೇಕು.