ಗ್ಯಾರೇಜ್ ಸ್ಪ್ರಿಂಗ್ ಮುರಿದಿದೆ, ಬಟನ್ ಮುಟ್ಟಬೇಡಿ

ಅಮೆರಿಕದಲ್ಲಿ ಮನೆ ಕೊಂಡು ಇನ್ನೂ ಮೊದಲ ಚಳಿಗಾಲ, ಅಷ್ಟರಲ್ಲೇ ಇದೊಂದು ಶುರುವಾಯಿತು ಎಂದು ಬರೆದಿದ್ದೀರಿ. ರಾತ್ರಿ ಗ್ಯಾರೇಜಿನಿಂದ ಢಮಾರ್ ಎಂದು ಸದ್ದು. ಹೋಗಿ ನೋಡಿದರೆ ಯಾರೂ ಇಲ್ಲ, ಏನೂ ಬಿದ್ದಿಲ್ಲ. ಬೆಳಿಗ್ಗೆ ಬಟನ್ ಒತ್ತಿದರೆ ಬಾಗಿಲು ಒಂದು ಗೇಣು ಎದ್ದು ನಿಂತುಬಿಟ್ಟಿತು. ಕಾರು ಒಳಗೇ ಇದೆ. ಮೋಟಾರ್ ಹೋಗಿದೆಯಾ, ಹೊಸದು ತರಿಸಲಾ ಎಂದು ಕೇಳಿದ್ದೀರಿ. ಜೊತೆಗೆ ಆಫೀಸಿನವರೊಬ್ಬರು 'ಇಲ್ಲಿ ಇಂಥದ್ದಕ್ಕೆಲ್ಲ ಯಾರೂ ಜನ ಕರೆಸಲ್ಲ, ವಿಡಿಯೋ ನೋಡಿ ನೀವೇ ಹಾಕಿ' ಎಂದರಂತೆ.

ಮೋಟಾರ್ ಹೋಗಿರುವ ಸಾಧ್ಯತೆ ಕಡಿಮೆ. ಆದರೆ ಇನ್ನೂ ನಾಲ್ಕು ಸಲ ಬಟನ್ ಒತ್ತಿದರೆ ಅದೂ ಹೋಗಬಹುದು. ದಯವಿಟ್ಟು ಈಗಲೇ ಅದರ ಪ್ಲಗ್ ಕಿತ್ತುಬಿಡಿ. ಮನೆಯಲ್ಲಿ ಮಕ್ಕಳಿದ್ದರೆ, ರಿಮೋಟನ್ನೂ ಎತ್ತಿಡಿ.

ಆಮೇಲೆ ಗ್ಯಾರೇಜಿನ ಒಳಗೆ ನಿಂತು, ಬಾಗಿಲಿನ ಮೇಲುಗಡೆ ಗೋಡೆಗೆ ಅಡ್ಡವಾಗಿರುವ ಕಬ್ಬಿಣದ ದಂಡ ನೋಡಿ. ಅದಕ್ಕೆ ದಪ್ಪ ಸ್ಪ್ರಿಂಗ್ ಸುತ್ತಿರುತ್ತದೆ, ಒಂದು ಅಥವಾ ಎರಡು. ಸುರುಳಿಗಳೆಲ್ಲ ಒತ್ತಾಗಿ ಅಂಟಿಕೊಂಡು ಹೋಗಿ, ಒಂದು ಕಡೆ ಮಾತ್ರ ಎರಡು ಬೆರಳು ಹೋಗುವಷ್ಟು ಸಂದಿ ಕಾಣುತ್ತಿದೆಯಾ? ಅಲ್ಲೇ ಮುರಿದಿರುವುದು. ರಾತ್ರಿಯ ಸದ್ದೂ ಅದೇ. ಬಿಗಿಯಾಗಿ ತಿರುಚಿದ ಉಕ್ಕು ತುಂಡಾದಾಗ ಅದರಲ್ಲಿದ್ದ ಶಕ್ತಿಯೆಲ್ಲ ಒಂದೇ ಏಟಿಗೆ ಬಿಟ್ಟುಕೊಳ್ಳುತ್ತದೆ. ಚಳಿಗೆ ಉಕ್ಕು ಸ್ವಲ್ಪ ಪೆಡಸಾಗುವುದರಿಂದ ಬಳಲಿದ ಸ್ಪ್ರಿಂಗುಗಳು ಇಂಥ ರಾತ್ರಿಗಳಲ್ಲೇ ಜಾಸ್ತಿ ಮುರಿಯುತ್ತವೆ. ನೀವೇನೂ ತಪ್ಪು ಮಾಡಿಲ್ಲ.

ಬಾಗಿಲನ್ನು ಎತ್ತುವುದು ಮೋಟಾರ್ ಎಂದೇ ಬಹಳ ಜನ ತಿಳಿದಿರುತ್ತಾರೆ. ಎರಡು ಕಾರಿನ ಬಾಗಿಲು ಸಾಮಾನ್ಯವಾಗಿ 16 ಅಡಿ ಅಗಲ, 7 ಅಡಿ ಎತ್ತರ ಇರುತ್ತದೆ. 70 ಕೆಜಿಯಿಂದ 100 ಕೆಜಿವರೆಗೆ ತೂಗುವುದು ಮಾಮೂಲು, ಮರದ್ದಾದರೆ ಇನ್ನೂ ಜಾಸ್ತಿ. ಅಷ್ಟು ಭಾರವನ್ನು ದಿನಾ ಎತ್ತುವುದು ಆ ಸ್ಪ್ರಿಂಗ್. ನಮ್ಮ ಕಡೆ ಬಾವಿಯ ಏತಕ್ಕೆ ಹಿಂದುಗಡೆ ಕಲ್ಲು ಕಟ್ಟುತ್ತಿದ್ದರಲ್ಲ, ಇದರ ಕೆಲಸವೂ ಅದೇ. ಮೋಟಾರ್ ಸುಮ್ನೆ ಹಿಂದೆ ಮುಂದೆ ತಳ್ಳುತ್ತದೆ ಅಷ್ಟೇ. ಸ್ಪ್ರಿಂಗ್ ಸರಿ ಇದ್ದರೆ ಒಂದೇ ಕೈಯಲ್ಲಿ ಬಾಗಿಲು ಎತ್ತಬಹುದು. ಮುರಿದರೆ ಪೂರ್ತಿ ತೂಕ ಮೋಟಾರ್ ಮೇಲೆ ಬೀಳುತ್ತದೆ. ಅದು ಸ್ವಲ್ಪ ಎತ್ತಿ ನೋಡಿ, ಆಗಲ್ಲ ಎಂದು ನಿಲ್ಲುತ್ತದೆ.

ಎರಡು ಸ್ಪ್ರಿಂಗ್ ಇದ್ದು ಒಂದೇ ಮುರಿದಿದ್ದರೆ ಕೆಲವು ಮೋಟಾರುಗಳು ಏದುಸಿರು ಬಿಡುತ್ತಾ ಎತ್ತಿಯೂ ಬಿಡುತ್ತವೆ. 'ನಡೀತಾ ಇದೆಯಲ್ಲ' ಎಂದು ವಾರಗಟ್ಟಲೆ ಓಡಿಸುವವರಿದ್ದಾರೆ. ಗೇರ್ ಸವೆದು ಕೊನೆಗೆ ಮೋಟಾರಿಗೂ ದುಡ್ಡು ಕೊಡುತ್ತಾರೆ.

ಇನ್ನು ಮೋಟಾರಿನಿಂದ ಕೆಳಗೆ ನೇತಾಡುವ ಕೆಂಪು ಹಗ್ಗ. ಕರೆಂಟ್ ಹೋದಾಗ ಅದನ್ನು ಎಳೆದರೆ ಮೋಟಾರಿಗೂ ಬಾಗಿಲಿಗೂ ಸಂಬಂಧ ಕಡಿದು, ಕೈಯಲ್ಲಿ ಎತ್ತಬಹುದು. ಆದರೆ ಸ್ಪ್ರಿಂಗ್ ಮುರಿದಿರುವಾಗ ಬಾಗಿಲು ಮೇಲಿದ್ದರೆ ಅಥವಾ ಅರ್ಧ ತೆರೆದಿದ್ದರೆ ಆ ಹಗ್ಗ ಮುಟ್ಟಲೇಬಾರದು. ಬಾಗಿಲು ನೇರ ಕೆಳಗೆ ಬೀಳುತ್ತದೆ. ಇಲ್ಲಿ 1993ರ ಜನವರಿಯಿಂದ ತಯಾರಾಗುವ ಮನೆಬಳಕೆಯ ಗ್ಯಾರೇಜ್ ಮೋಟಾರುಗಳು, ಏನಾದರೂ ಅಡ್ಡ ಸಿಕ್ಕರೆ ಬಾಗಿಲನ್ನು ವಾಪಸ್ ಎತ್ತಬೇಕು ಎಂದು ಕಾನೂನೇ ಇದೆ. ಬಾಗಿಲ ಬುಡದಲ್ಲಿ ಎರಡೂ ಕಡೆ ಇರುವ ಪುಟ್ಟ ಸೆನ್ಸರ್‌ಗಳು ಅದಕ್ಕೇ. ಅವನ್ನು ನಂಬಿ ಧೈರ್ಯವಾಗಿ ಕೆಳಗೆ ನುಸುಳುವವರಿದ್ದಾರೆ. ಆದರೆ ಸೆನ್ಸರ್ ಹೇಳಿದ್ದನ್ನು ಕೇಳುವುದು ಮೋಟಾರ್. ಮೋಟಾರಿನಿಂದ ಕಳಚಿಕೊಂಡು ಬೀಳುವ ಬಾಗಿಲು ಯಾರ ಮಾತನ್ನೂ ಕೇಳುವುದಿಲ್ಲ.

ನಿಮ್ಮ ಬಾಗಿಲು ಒಂದು ಗೇಣು ಎದ್ದು ನಿಂತಿದೆಯೋ, ವಾಪಸ್ ಇಳಿದಿದೆಯೋ ನೀವು ಬರೆದಿಲ್ಲ. ಇಳಿದಿದ್ದರೆ ಒಳ್ಳೆಯದೇ, ಹಾಗೇ ಬಿಡಿ. ನಿಂತಿದ್ದರೆ ಅದರ ಕೆಳಗೆ ಕೈಕಾಲು ಹಾಕದೆ, ಯಾರೂ ಹತ್ತಿರ ಸುಳಿಯದ ಹಾಗೆ ನೋಡಿಕೊಂಡು, ರಿಪೇರಿಯವರು ಬರುವವರೆಗೆ ಅಲ್ಲೇ ಇರಲಿ.

ಕಾರು ಬೇಕೇ ಬೇಕು ಎಂದಾದರೆ ಒಂದು ದಾರಿ ಇದೆ. ಬಾಗಿಲು ಪೂರ್ತಿ ಮುಚ್ಚಿರುವಾಗ ಕೆಂಪು ಹಗ್ಗ ಎಳೆದು, ಇಬ್ಬರು ಮೂವರು ಗಟ್ಟಿಮುಟ್ಟಾದವರು ಎರಡೂ ತುದಿ ಸಮವಾಗಿ ಹಿಡಿದು ಎತ್ತಬೇಕು. ಹಾಳೆಗಳ ನಡುವಿನ ಸಂದಿಗೆ ಬೆರಳು ಹೋಗಬಾರದು. ಪೂರ್ತಿ ಮೇಲೆ ಹೋದ ಮೇಲೆ ಎರಡೂ ಕಡೆ ಹಳಿಗೆ ಕಚ್ಚುವ ಇಕ್ಕಳ ಹಾಕಿ, ಕೆಳಗೆ ಗಟ್ಟಿ ಮರದ ಆಸರೆ ಕೊಟ್ಟು, ಆಮೇಲೆ ಕಾರು ಹೊರಗೆ. ಇಳಿಸುವಾಗಲೂ ಅಷ್ಟೇ ಜನ ಬೇಕು. ಉಕ್ಕಿನ ಕೇಬಲ್ ಸಡಿಲವಾಗಿ ಜೋತಾಡುತ್ತಿದ್ದರೆ ಅಥವಾ ಬಾಗಿಲು ಒಂದು ಕಡೆ ವಾಲಿದ್ದರೆ ಇದನ್ನೂ ಮಾಡಬೇಡಿ. ನನ್ನನ್ನು ಕೇಳಿದರೆ, ಒಂದೆರಡು ದಿನ ಟ್ಯಾಕ್ಸಿ ಹಿಡಿಯುವುದೇ ಸುಖ.

ಈಗ ನಿಮ್ಮ ಆಫೀಸಿನವರ ಸಲಹೆ. ಅವರು ಹೇಳಿದ್ದರಲ್ಲಿ ಅರ್ಧ ನಿಜ. ಇಲ್ಲಿ ಕೂಲಿ ದುಬಾರಿ. ನಲ್ಲಿ ಬದಲಿಸುವುದು, ಗೋಡೆಗೆ ಬಣ್ಣ ಹೊಡೆಯುವುದು, ಸ್ವಿಚ್ ಹಾಕುವುದು ಎಲ್ಲ ನೀವೂ ನಿಧಾನಕ್ಕೆ ಕಲಿಯುತ್ತೀರಿ, ಕಲಿಯಲೂಬೇಕು. ಹೊಸಬರಿಗೆ ಒಂದು ಸಂಕೋಚ ಇರುತ್ತದೆ, ಜನ ಕರೆಸಿದರೆ ನಾಲ್ಕು ಜನ ಏನಂದುಕೊಳ್ಳುತ್ತಾರೋ ಎಂದು. ಈ ಒಂದು ಕೆಲಸಕ್ಕೆ ಆ ಸಂಕೋಚ ಬಿಡಿ. ಇಲ್ಲಿ ಹುಟ್ಟಿ ಬೆಳೆದು ಮನೆಗೆಲಸವೆಲ್ಲ ತಾವೇ ಮಾಡಿಕೊಳ್ಳುವ ಎಷ್ಟೋ ಜನ ಕೂಡ ಇದಕ್ಕೆ ಮಾತ್ರ ಫೋನ್ ಎತ್ತುತ್ತಾರೆ.

ಯಾಕೆ ಅಂತೀರಾ? ಕೆಲಸದವರು ಬಂದಾಗ ದೂರ ನಿಂತು ನೋಡಿ. ಹೊಸ ಸ್ಪ್ರಿಂಗನ್ನು ದಂಡಕ್ಕೆ ಏರಿಸಿ, ಅದರ ಉದ್ದಕ್ಕೂ ಸೀಮೆಸುಣ್ಣದಲ್ಲಿ ನೇರ ಗೆರೆ ಎಳೆಯುತ್ತಾರೆ. ಕೆಲವಕ್ಕೆ ಕಾರ್ಖಾನೆಯಲ್ಲೇ ಬಣ್ಣದ ಗೆರೆ ಬಂದಿರುತ್ತದೆ. ಸ್ಪ್ರಿಂಗಿನ ತುದಿಯ ಲೋಹದ ಬಿಲ್ಲೆಯಲ್ಲಿ ತೂತುಗಳಿರುತ್ತವೆ. ಸುಮಾರು ಒಂದೂವರೆ ಅಡಿಯ ಎರಡು ಉಕ್ಕಿನ ಸಲಾಕೆಗಳನ್ನು ಒಂದಾದ ಮೇಲೆ ಒಂದರಂತೆ ಆ ತೂತಿಗೆ ತೂರಿಸಿ, ಕಾಲು ಸುತ್ತು, ಮತ್ತೆ ಕಾಲು ಸುತ್ತು ತಿರುಗಿಸುತ್ತಾ ಹೋಗುತ್ತಾರೆ. ಒಂದು ಸಲಾಕೆ ತೆಗೆಯುವ ಮೊದಲು ಇನ್ನೊಂದು ಒಳಗೆ ಕೂತಿರಲೇಬೇಕು. 7 ಅಡಿಯ ಬಾಗಿಲಿಗೆ ಸುಮಾರು ಏಳೂವರೆ ಸುತ್ತು, ಅಂದರೆ 30 ಕಾಲು ಸುತ್ತು. ನೇರ ಗೆರೆ ಬರಬರುತ್ತಾ ಸುರುಳಿಯಾಗಿ, ಸ್ಪ್ರಿಂಗಿನ ಮೇಲೆ ಪಟ್ಟೆ ಪಟ್ಟೆ ಕಾಣುತ್ತದೆ. ಪಟ್ಟೆ ಎಣಿಸಿದರೆ ಎಷ್ಟು ಸುತ್ತಾಗಿದೆ ಎಂದು ಗೊತ್ತಾಗುತ್ತದೆ. ಕೊನೆಯ ಸುತ್ತುಗಳಲ್ಲಿ ಅವರು ಮುಖವನ್ನು ಸಲಾಕೆಯ ನೇರಕ್ಕೆ ಇಡುವುದೇ ಇಲ್ಲ, ಪಕ್ಕಕ್ಕೆ ಸರಿದು ನಿಂತಿರುತ್ತಾರೆ. ಸಲಾಕೆ ಜಾರಿದರೆ ಅದು ಗಿರ್ರನೆ ತಿರುಗಿ ಬಡಿಯುತ್ತದೆ. ಬೆರಳು ಹೋದವರಿದ್ದಾರೆ, ದವಡೆ ಮುರಿದವರಿದ್ದಾರೆ. ವಿಡಿಯೋದಲ್ಲಿ ಇದೆಲ್ಲ ಹತ್ತು ನಿಮಿಷದ ಆಟದಂತೆ ಕಾಣುತ್ತದೆ, ಸಲಾಕೆ ಬದಲು ಸ್ಕ್ರೂಡ್ರೈವರ್ ಹಾಕಿ ತಿರುಗಿಸುವ ಪುಣ್ಯಾತ್ಮರೂ ಅಲ್ಲಿದ್ದಾರೆ. ಬಾಗಿಲಿನ ಕೆಳಮೂಲೆಯಲ್ಲಿ ಕೇಬಲ್ ಕಟ್ಟಿರುವ ಬ್ರಾಕೆಟ್ ಕೂಡ ಇದೇ ಜಾತಿಯದು, ಅದರ ಸ್ಕ್ರೂ ಬಿಚ್ಚಬೇಡಿ.

ಖರ್ಚು ಕೆಲವು ನೂರು ಡಾಲರ್ ಆಗುತ್ತದೆ. ಊರು, ಬಾಗಿಲಿನ ತೂಕ, ಬರುವ ಹೊತ್ತು ಎಲ್ಲದರ ಮೇಲೆ ಹೆಚ್ಚುಕಮ್ಮಿ. ಎರಡು ಮೂರು ಕಡೆ ಫೋನ್ ಮಾಡಿ, ಬರುವ ಚಾರ್ಜು, ಕೂಲಿ, ಸಾಮಾನು ಎಲ್ಲ ಸೇರಿ ಎಷ್ಟು ಎಂದು ಕೇಳಿ. ಬಹಳ ಕಡಿಮೆ ಹೇಳಿ ಬಂದವರು ಮನೆಗೆ ಬಂದ ಮೇಲೆ 'ರೋಲರ್ ಹೋಗಿದೆ, ಕೇಬಲ್ ಹೋಗಿದೆ, ಮೋಟಾರೇ ಬದಲಿಸಬೇಕು' ಎಂದು ಪಟ್ಟಿ ಬೆಳೆಸುವುದುಂಟು. ಹಾಗೇನಾದರೂ ಅಂದರೆ, ಹೋಗಿರುವುದನ್ನು ತೋರಿಸಿ ಎನ್ನಿ. ಹುರಿ ಬಿಚ್ಚಿದ ಕೇಬಲ್ ಕಣ್ಣಿಗೆ ಕಾಣುತ್ತದೆ, ಅದನ್ನು ಬದಲಿಸುವುದು ನ್ಯಾಯವೇ. ಒಂದು ಸ್ಪ್ರಿಂಗ್ ಮುರಿದಿದ್ದರೂ ಎರಡನ್ನೂ ಬದಲಿಸೋಣ ಎಂದರೆ ಅದು ಮೋಸವಲ್ಲ, ಒಪ್ಪಿಕೊಳ್ಳಿ. ಎರಡೂ ಒಂದೇ ವಯಸ್ಸಿನವು, ಒಂದೇ ಲೆಕ್ಕ ದುಡಿದಿವೆ, ಇನ್ನೊಂದೂ ಹೆಚ್ಚು ದಿನ ಬಾಳುವುದಿಲ್ಲ.

ಸಾಧಾರಣ ಸ್ಪ್ರಿಂಗಿನ ಆಯಸ್ಸು ಸುಮಾರು 10,000 ಸಲ ತೆರೆದು ಮುಚ್ಚುವಷ್ಟು. ದಿನಕ್ಕೆ ನಾಲ್ಕು ಸಲವಾದರೆ ಏಳು ವರ್ಷದೊಳಗೆ ಮುಗಿಯಿತು. ಮುಂಬಾಗಿಲು ಬಿಟ್ಟು ಮನೆಮಂದಿಯೆಲ್ಲ ಗ್ಯಾರೇಜಿನಿಂದಲೇ ಓಡಾಡುತ್ತೀರಲ್ವಾ, ಹಾಗಾದರೆ ಇನ್ನೂ ಬೇಗ. ಜಾಸ್ತಿ ಸಲ ತಾಳುವ ದಪ್ಪ ಸ್ಪ್ರಿಂಗೂ ಸಿಗುತ್ತದೆ, ಸ್ವಲ್ಪವೇ ದುಬಾರಿ. ಆ ಮನೆಯಲ್ಲಿ ಬಹಳ ವರ್ಷ ಇರುವ ಯೋಚನೆ ಇದ್ದರೆ ಅದನ್ನೇ ಹಾಕಿಸಿ. ಸವೆದು ಹೋದದ್ದಕ್ಕೆ ಮನೆಯ ಇನ್ಶೂರೆನ್ಸಿನವರು ಸಾಮಾನ್ಯವಾಗಿ ಕೊಡುವುದಿಲ್ಲ. ಮನೆ ಕೊಳ್ಳುವಾಗ ಹೋಮ್ ವಾರಂಟಿ ಏನಾದರೂ ಬಂದಿದ್ದರೆ ಅದರ ಕಾಗದ ಮೊದಲು ಓದಿ, ಮೋಟಾರಿಗೆ ಕೊಟ್ಟು ಸ್ಪ್ರಿಂಗಿಗೆ ಕೊಡದ ವಾರಂಟಿಗಳಿವೆ.

ಕೆಲಸ ಮುಗಿದ ಮೇಲೆ, ದುಡ್ಡು ಕೊಡುವ ಮೊದಲು, ಮೋಟಾರ್ ಕಳಚಿ ಬಾಗಿಲನ್ನು ಸೊಂಟದ ಎತ್ತರಕ್ಕೆ ಎತ್ತಿ ಬಿಟ್ಟು ತೋರಿಸಲು ಹೇಳಿ. ಅಲ್ಲೇ ನಿಲ್ಲಬೇಕು. ಕೆಳಗೆ ಜಾರಿದರೂ ಮೇಲೆ ಹಾರಿದರೂ ಸ್ಪ್ರಿಂಗ್ ಸರಿಯಾಗಿ ಬಿಗಿಯಾಗಿಲ್ಲ, ಇನ್ನೊಮ್ಮೆ ನೋಡಲಿ. ಆಮೇಲೆ ಮೋಟಾರ್ ಜೋಡಿಸಿ, ಬಾಗಿಲಿನ ಕೆಳಗೆ ಒಂದೂವರೆ ಇಂಚು ದಪ್ಪದ ಮರದ ತುಂಡು ಅಡ್ಡ ಮಲಗಿಸಿ ಬಟನ್ ಒತ್ತಿಸಿ. ಅದಕ್ಕೆ ತಾಗಿದ ಕೂಡಲೇ ಬಾಗಿಲು ವಾಪಸ್ ಮೇಲೆ ಹೋಗಬೇಕು. ಈ ಎರಡನ್ನೂ ಮಾಡಿ ತೋರಿಸದೆ ಬಿಲ್ ಚಾಚಿದರೆ ಕಾರ್ಡ್ ತೆಗೆಯಬೇಡಿ.