ಉಜ್ಜೋಕೆ ಮುಂಚೆ ಒಂದು ಆಯಸ್ಕಾಂತ ಹಿಡಿದು ನೋಡಿ

ಮೇಡಂ, ನಿಮ್ಮ ಪೋಸ್ಟ್ ನಿನ್ನೆ ರಾತ್ರಿಯೇ ನೋಡಿದ್ದೆ. ಫೋನಲ್ಲಿ ಇಷ್ಟುದ್ದ ಕುಟ್ಟೋಕಾಗಲ್ಲ ಅಂತ ಈಗ ಕಂಪ್ಯೂಟರ್ ಮುಂದೆ ಕೂತಿದ್ದೀನಿ. ಮಲ್ಲೇಶ್ವರದ ಮನೆ ಖಾಲಿ ಮಾಡುವಾಗ ಅಟ್ಟದಲ್ಲಿ ತಾತನ ಗಾಲ್ಫ್ ಬ್ಯಾಗ್ ಸಿಕ್ಕಿದೆ, ತಾತ ಕೆಜಿಎಫ್‌ನಲ್ಲಿ ಕೆಲಸದಲ್ಲಿದ್ದವರು, ಒಳಗೆ ಕಂದು ಕೋಲಿನ ಮೂರು ಕ್ಲಬ್ಬು, ಮರದ ತಲೆಯವು ಎರಡು, ತುಕ್ಕು ಹಿಡಿದ ಐರನ್ (ಲೋಹದ ತಲೆಯವು) ಆರು, ಬಾಲನ್ನ ಮೆಲ್ಲಗೆ ಕುಳಿಗೆ ಉರುಳಿಸೋ ಒಂದು ಪಟ್ಟರ್, ಜೊತೆಗೆ ಒಂದಷ್ಟು ಹಳೇ ಬಾಲು. ಗುಜರಿಯವನು ಎಲ್ಲಾ ಸೇರಿಸಿ 3,000 ಅಂದ. ಇಲ್ಲಿ ಒಬ್ಬರು ಕೋಕಾಕೋಲಾದಲ್ಲಿ ನೆನೆಸಿ ಅಂದರು, ಇನ್ನೊಬ್ಬರು ಒಂದೊಂದಕ್ಕೂ ಲಕ್ಷ ಬರುತ್ತೆ ಅಂದರು. ನೀವು ಕೇಳಿದ್ದು, ವಾರಕ್ಕೊಮ್ಮೆ ರೇಂಜಿಗೆ, ಅಂದರೆ ಹೊಡೆದು ಅಭ್ಯಾಸ ಮಾಡೋ ಮೈದಾನಕ್ಕೆ, ಹೋಗೋಳು ನಾನು, ಇದರಲ್ಲಿ ಆಡಬಹುದಾ, ಇಲ್ಲ ಗೋಡೆಗೆ ನೇತು ಹಾಕಲಾ, ಮಾರಲಾ ಅಂತ.

ಆಡಬಹುದು. ಎಲ್ಲದರಲ್ಲೂ ಅಲ್ಲ, ಎಲ್ಲಾ ಕಡೆಯೂ ಅಲ್ಲ. ಲಕ್ಷದ ಆಸೆ ಬಿಡಿ. ಗುಜರಿಯವನಿಗೂ ಕೊಡಬೇಡಿ, ಪಟ್ಟರ್ ಯಾವುದು ಅಂತ ಗೊತ್ತಾಗೋವರೆಗಂತೂ ಕೊಡಲೇಬೇಡಿ. ಅದು ಯಾಕೆ ಅಂತ ಕೊನೆಗೆ ಹೇಳ್ತೀನಿ.

ಮೊದಲು ಆ ಮೂರು ಕಂದು ಕೋಲು. ಫ್ರಿಜ್ ಮೇಲೆ ಅಂಟಿಸೋ ಆಯಸ್ಕಾಂತ ಇರುತ್ತಲ್ಲ, ಅದನ್ನ ಶಾಫ್ಟಿಗೆ, ಅಂದರೆ ಕೋಲಿಗೆ, ಹಿಡೀರಿ. ಅಂಟಿಕೊಂಡರೆ ಅದು ಮರವಲ್ಲ, ಉಕ್ಕು. 1930ರ ದಶಕದಲ್ಲಿ ಉಕ್ಕಿನ ಶಾಫ್ಟಿನ ಮೇಲೆ ಮರದ ಬಣ್ಣದ ಪ್ಲಾಸ್ಟಿಕ್ಕಿನಂಥ ಹೊದಿಕೆ ಹಾಕಿ ಮಾರುತ್ತಿದ್ದರು. ಮರಕ್ಕೆ ಒಗ್ಗಿದ್ದ ಕಣ್ಣುಗಳಿಗೆ ಬರಿ ಉಕ್ಕು ಹಿಡಿಸುತ್ತಿರಲಿಲ್ಲ. ಮಬ್ಬು ಬೆಳಕಲ್ಲಿ ನೋಡಿದರೆ ಯಾರಾದರೂ ಮೋಸ ಹೋಗಬೇಕು. ನಾನೇ ಒಮ್ಮೆ ಚಿಕ್ಕಪೇಟೆ ಪಕ್ಕದ ಸಂಡೆ ಬಜಾರಿನಲ್ಲಿ ಬೆಳಗಿನ ಆರು ಗಂಟೆಗೆ ಟಾರ್ಚ್ ಬೆಳಕಲ್ಲಿ ನೋಡಿ, ಹಿಕರಿ ಮರದ್ದು ಅಂತ ಖುಷಿಯಿಂದ ತಂದು, ಮನೆಗೆ ಬಂದ ಮೇಲೆ ಹೊದಿಕೆ ಬಿರುಕು ಬಿಟ್ಟ ಜಾಗದಲ್ಲಿ ಉಕ್ಕು ಇಣುಕಿದ್ದು ಕಂಡೆ. ಅವತ್ತಿಂದ ಜೇಬಲ್ಲಿ ಒಂದು ಆಯಸ್ಕಾಂತ ಇದ್ದೇ ಇರುತ್ತೆ.

ಅಂಟಲಿಲ್ಲ ಅಂದರೆ ಅದು ಹಿಕರಿ, ಅಮೆರಿಕದ ಕಡೆಯ ಮರ, ನಮ್ಮ ಅಕ್ರೋಟಿನ ಕುಟುಂಬ. ಅಮೆರಿಕದವರು 1924ರಲ್ಲಿ ಉಕ್ಕಿನ ಶಾಫ್ಟಿಗೆ ಒಪ್ಪಿಗೆ ಕೊಟ್ಟರು, ಬ್ರಿಟನ್ನಿನವರು 1929ರಲ್ಲಿ. ಹಾಗಾಗಿ ಮರದ ಶಾಫ್ಟ್ ಅಂದರೆ ಹೆಚ್ಚುಕಮ್ಮಿ 1930ರ ಸುಮಾರಿನದ್ದು ಅಥವಾ ಅದಕ್ಕೂ ಹಿಂದಿನದು. ನಿಮ್ಮದರ ಮೇಲೆ ಮ್ಯಾಶಿ, ನಿಬ್ಲಿಕ್ ಅಂತ ಬರೆದಿದೆ, ಒಂದರ ಮೇಲೆ ಮಾತ್ರ ಮ್ಯಾಶಿ ಜೊತೆಗೆ 5 ಅಂತಲೂ ಇದೆ ಅಂದಿರಿ. ಆಗ ಕ್ಲಬ್ಬಿಗೆ ನಂಬರ್ ಇರಲಿಲ್ಲ, ಹೆಸರಿತ್ತು. ಮ್ಯಾಶಿ ಅಂದರೆ ಸುಮಾರು ಈಗಿನ 5 ಐರನ್ ಕೆಲಸ, ನಿಬ್ಲಿಕ್ ಅಂದರೆ 9ರದ್ದು. ಹೆಸರೂ ನಂಬರೂ ಎರಡೂ ಇದ್ದರೆ ಅದು ಹಳೇದು ಹೋಗಿ ಹೊಸದು ಬರುತ್ತಿದ್ದ ಸಂಧಿಕಾಲದ ಮಾಲು. ಆಯಸ್ಕಾಂತ ಬಹುಶಃ ಅಂಟೋದು ಅದಕ್ಕೇ, ನೋಡಿ ಹೇಳಿ.

ಈಗ ಆ ಕೋಕಾಕೋಲಾ ವಿಷಯ. ದಯವಿಟ್ಟು ಬೇಡ. ತುಕ್ಕೇನೋ ಹೋಗುತ್ತೆ, ಆದರೆ ನೀರಂಶ ಹೆಡ್‌ನ (ಕ್ಲಬ್ಬಿನ ತಲೆಯ) ಕುತ್ತಿಗೆಯೊಳಗೆ ಇಳಿದು ಮರ ಊದುತ್ತೆ, ಆಮೇಲೆ ಒಣಗಿ ಕುಗ್ಗುತ್ತೆ, ಹೆಡ್ ಅಲ್ಲಾಡೋಕೆ ಶುರುವಾಗುತ್ತೆ. ಇನ್ನೂ ದೊಡ್ಡ ಭಯ ಬಫಿಂಗ್, ಅಂದರೆ ಯಂತ್ರದಲ್ಲಿ ಉಜ್ಜಿ ಹೊಳಪು ಕೊಡೋದು. ನನ್ನ ಮೊದಲ ಮ್ಯಾಶಿ 250 ರೂಪಾಯಿಗೆ ಸಿಕ್ಕಿದ್ದು. ಹಿಂಬದಿಯಲ್ಲಿ ಸಣ್ಣದೊಂದು ಹೊಗೆಪೈಪಿನ ಚಿತ್ರ ಒತ್ತಿತ್ತು. ಅದೇನು ಅಂತ ಆಗ ನನಗೆ ಗೊತ್ತಿಲ್ಲ. ಚೆನ್ನಾಗಿ ಹೊಳೀಲಿ ಅಂತ ಬಫಿಂಗ್ ಅಂಗಡಿಗೆ ಕೊಟ್ಟೆ. ಎರಡು ದಿನ ಬಿಟ್ಟು ಬಂತು, ಮುಖ ನೋಡಿಕೊಳ್ಳಬಹುದು, ಅಷ್ಟು ಫಳಫಳ. ಪೈಪ್ ಇಲ್ಲ. ಬಾಲಿಗೆ ತಾಗೋ ಮುಖದ ಮೇಲಿದ್ದ ಚುಕ್ಕಿಗಳೂ ಅರ್ಧ ಮಾಸಿದ್ದವು. ಆ ಪೈಪು ಸೇಂಟ್ ಆಂಡ್ರೂಸ್‌ನ ಟಾಮ್ ಸ್ಟೀವರ್ಟ್ ಅನ್ನೋ ಕಮ್ಮಾರನ ಗುರುತು ಅಂತ ತಿಳಿದದ್ದು ಆಮೇಲೆ. 1930ರಲ್ಲಿ ಒಂದೇ ವರ್ಷ ನಾಲ್ಕು ದೊಡ್ಡ ಟೂರ್ನಿ ಗೆದ್ದ ಬಾಬಿ ಜೋನ್ಸ್ ಕೈಲಿ ಇದ್ದವುಗಳಲ್ಲಿ ಸ್ಟೀವರ್ಟ್ ಐರನ್ನುಗಳೂ ಇದ್ದವು. ಅಂಗಡಿಯವನದೇನೂ ತಪ್ಪಿಲ್ಲ, ಹೊಳಪು ಕೇಳಿದೆ, ಹೊಳಪು ಕೊಟ್ಟ.

ಹಾಗಾಗಿ ಐರನ್ನುಗಳ ಹಿಂಬದಿಯನ್ನ ಮೊದಲು ಹಗಲು ಬೆಳಕಲ್ಲಿ ಓರೆಯಾಗಿ ಹಿಡಿದು ನೋಡಿ. ಪೈಪು, ನಕ್ಷತ್ರ, ಏನಾದರೂ ಇರಬಹುದು. ನಕ್ಷತ್ರ ಅಂದರೆ ಕಿಂಗ್‌ಹಾರ್ನ್‌ನ ವಿಲಿಯಂ ಗಿಬ್ಸನ್. ಆಮೇಲೆ ಯಂತ್ರದ ಎಣ್ಣೆ ಸವರಿ ಒಂದು ರಾತ್ರಿ ಬಿಟ್ಟು, ಅತಿ ನಯವಾದ ಸ್ಟೀಲ್ ವುಲ್‌ನಿಂದ, ನಾಲ್ಕು ಸೊನ್ನೆ ನಂಬರಿನದು ಕೇಳಿ, ಎಸ್‌ಪಿ ರೋಡ್ ಕಡೆ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುತ್ತೆ, ಮೆಲ್ಲಗೆ ಉಜ್ಜಿ. ಕೆಂಪು ಪುಡಿ ತುಕ್ಕು ಹೋದರೆ ಸಾಕು. ಕೆಳಗಿರೋ ಕಪ್ಪು ಕಂದು ಬಣ್ಣ ಇರಲಿ, ಅದು ಕಬ್ಬಿಣದ ಮೈಬಣ್ಣ. ಕ್ರೋಮ್ ಹಾಕಿದ ಐರನ್ ಆದರೆ ಅದೇ ಸ್ಟೀಲ್ ವುಲ್ಲೇ ಸಾಕು, ಮರಳು ಕಾಗದ ಹತ್ತಿರ ತರಬೇಡಿ.

ಮರದ ಶಾಫ್ಟಿಗೆ ಅಗಸೆ ಎಣ್ಣೆ. ಬಟ್ಟೆಯಲ್ಲಿ ತೆಳ್ಳಗೆ ಸವರಿ, ಅರ್ಧ ಗಂಟೆ ಬಿಟ್ಟು ಪೂರ್ತಿ ಒರೆಸಿ, ಒಂದೆರಡು ದಿನ ಬಿಟ್ಟು ಮತ್ತೆ. ಒರೆಸಿದ ಬಟ್ಟೆಯನ್ನ ಉಂಡೆ ಮಾಡಿ ಕಸದ ಡಬ್ಬಿಗೆ ಎಸೀಬೇಡಿ, ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗಿ ತಾನಾಗೇ ಹೊತ್ತಿಕೊಳ್ಳಬಹುದು. ತಂತಿ ಮೇಲೆ ಹರಡಿ ಒಣಗಿಸಿ ಅಥವಾ ನೀರಲ್ಲಿ ಅದ್ದಿಡಿ.

ಆಡೋಕೆ ಮುಂಚೆ ಕಿವಿಯ ಹತ್ತಿರ ಹಿಡಿದು ಕ್ಲಬ್ಬನ್ನ ಅಲ್ಲಾಡಿಸಿ. ಕಟಕಟ ಅಂದರೆ ಹೆಡ್ ಸಡಿಲ. ನಮ್ಮೂರಲ್ಲಿ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಗಾಳಿ ಒಣ, ಮಳೆಗಾಲದಲ್ಲಿ ಗಟ್ಟಿಯಾಗಿ ಕೂತಿದ್ದ ಹೆಡ್ ಶಿವರಾತ್ರಿ ಹೊತ್ತಿಗೆ ಅಲ್ಲಾಡುತ್ತೆ. ಹಿಂದಿನವರು ಒಂದು ರಾತ್ರಿ ಬಕೆಟ್ ನೀರಲ್ಲಿ ತಲೆಕೆಳಗು ನಿಲ್ಲಿಸುತ್ತಿದ್ದರು. ಅದು ಒಂದು ಆಟದ ಮಟ್ಟಿಗೆ. ಸರಿಯಾದ ದಾರಿ ಬೇರೆ: ಹೆಡ್‌ನ ಕುತ್ತಿಗೆಯಲ್ಲಿ ಅಡ್ಡಡ್ಡ ಒಂದು ಪಿನ್ ಇರುತ್ತೆ, ಅದನ್ನ ಸಣ್ಣ ಪಂಚ್ ಇಟ್ಟು ಹೊರಗೆ ತಟ್ಟಿ, ಹೆಡ್ ಎಳೆದು, ಒಳಗಿನ ಹಳೇ ಕೊಳೆ ಕೆರೆದು, ಅರಾಲ್ಡೈಟ್ ಹಾಕಿ ಕೂರಿಸಿ, ಪಿನ್ ವಾಪಸ್ ಹಾಕೋದು. ಐದು ನಿಮಿಷದಲ್ಲಿ ಗಟ್ಟಿಯಾಗೋ ಅಂಟು ಬೇಡ, ನಿಧಾನವಾಗಿ ಹಿಡಿಯೋದನ್ನ ತಗೊಂಡು ಒಂದು ದಿನ ಮುಟ್ಟದೆ ಬಿಡಿ. ಪಿನ್ ಇರೋದು ನೋಡದೆ ಜೋರಾಗಿ ಎಳೆದರೆ ಶಾಫ್ಟಿನ ತುದಿ ಸೀಳುತ್ತೆ. ಉಕ್ಕಿನ ಶಾಫ್ಟಿನ ಹಳೇ ಐರನ್ನುಗಳಲ್ಲೂ ಪಿನ್ ಇರುತ್ತೆ, ನೆನಪಿರಲಿ. ಶಾಫ್ಟ್ ಉದ್ದಕ್ಕೂ ಬೆರಳಾಡಿಸಿ, ಕೂದಲೆಳೆಯಷ್ಟು ಬಿರುಕು ಸಿಕ್ಕರೂ ಆ ಕ್ಲಬ್ ಗೋಡೆಗೆ.

ನೀವು ರೇಂಜಿಗೆ ಹೋಗ್ತೀನಿ ಅಂದಿರಲ್ಲ, ಅಲ್ಲೇ ನನಗೆ ಗಾಬರಿಯಾಗಿದ್ದು. ಹಿಕರಿಯನ್ನ ಮ್ಯಾಟ್ ಮೇಲೆ ಹೊಡೀಬೇಡಿ. ಹುಲ್ಲಿನ ಮೇಲಾದರೆ ಕ್ಲಬ್ ಮಣ್ಣನ್ನ ಸೀಳಿಕೊಂಡು ಹೋಗುತ್ತೆ, ಮ್ಯಾಟ್ ಕೆಳಗೆ ಕಾಂಕ್ರೀಟು, ಪೆಟ್ಟೆಲ್ಲಾ ಕೋಲಿಗೆ ವಾಪಸ್ ಬರುತ್ತೆ. ನನ್ನದೊಂದು ನಿಬ್ಲಿಕ್ ಹೋಗಿದ್ದು ಹೀಗೇ, ಕುತ್ತಿಗೆಗೆ ನಾಲ್ಕು ಬೆರಳು ಮೇಲೆ, ಕಬ್ಬು ಮುರಿದ ಸದ್ದು. ಹೆಡ್ ಬಾಲಿಗಿಂತ ದೂರ ಹೋಯ್ತು. ಪಕ್ಕದ ಸಾಲಿನಲ್ಲಿ ಯಾರೂ ಇರಲಿಲ್ಲ, ಪುಣ್ಯ. ರೇಂಜ್ ಬಾಲೂ ಕಲ್ಲಿನ ಹಾಗಿರುತ್ತೆ, ಮರದ ತಲೆಯ ಮುಖ ಒಡೆಯೋದು ಅದರಿಂದಲೇ. ಅಂಗಡಿಯಲ್ಲಿ ಕಂಪ್ರೆಷನ್ ಕಮ್ಮಿ ಇರೋ ಮೆತ್ತನೆ ಬಾಲ್ ಕೇಳಿ ತಗೊಳ್ಳಿ.

ತಾತನ ಹಳೇ ಬಾಲುಗಳನ್ನಂತೂ ಹೊಡೀಲೇಬೇಡಿ. ಅಳತೆ ಮಾತ್ರ ನೋಡಿ, ಅದೊಂದು ಮಜಾ. ಈಗಿನ ಬಾಲಿನ ಅಡ್ಡಳತೆ ಕನಿಷ್ಠ 1.68 ಇಂಚು. ಬ್ರಿಟಿಷರ ಲೆಕ್ಕದಲ್ಲಿ 1.62 ಇಂಚಿನ ಚಿಕ್ಕ ಬಾಲೂ ನಡೀತಿತ್ತು, ಅದು ಪೂರ್ತಿ ನಿಂತಿದ್ದು 1990ರಲ್ಲಿ. ಕೆಜಿಎಫ್ ಬ್ರಿಟಿಷರು ಕಟ್ಟಿದ ಗಣಿ ಊರು, ಅಲ್ಲಿಂದ ಬಂದ ಬ್ಯಾಗ್ ಅಂದ ಮೇಲೆ ನಿಮ್ಮಲ್ಲಿರೋದು ಚಿಕ್ಕದೇ ಇರಬೇಕು ಅಂತ ನನ್ನ ಊಹೆ. ಈಗಿನದೊಂದನ್ನ ಪಕ್ಕದಲ್ಲಿಟ್ಟರೆ ಕಣ್ಣಿಗೇ ಗೊತ್ತಾಗುತ್ತೆ.

ಮರದ ತಲೆಯ ಆ ಎರಡರ ಬಗ್ಗೆ, ಗಾಲ್ಫಿನಲ್ಲಿ ಅವನ್ನ ವುಡ್ ಅಂತಾರೆ. ಮರ ಒಂದೇ ತುಂಡಾಗಿ, ಎಳೆ ಉದ್ದಕ್ಕೂ ಹರಿದಿದ್ದರೆ ಪರ್ಸಿಮನ್. ಪ್ಲೈವುಡ್ ಥರ ಪದರ ಪದರ ಕಂಡರೆ ಮೇಪಲ್ ಅಂಟಿಸಿ ಮಾಡಿದ್ದು. ಪರ್ಸಿಮನ್ ಅಂದರೆ ದೂರದ್ದೇನೂ ಅಲ್ಲ, ನಮ್ಮಲ್ಲಿ ಬೀಡಿ ಎಲೆ ಕೊಡೋ ಮರವೂ ಅದೇ ಕುಲ. ಪದರದ್ದು ಕೀಳು ಅಂತ ಮಾರೋರು ಹೇಳ್ತಾರೆ, ನಂಬಬೇಡಿ, ನಮ್ಮ ಮಳೆಗೆ ತಡೆಯೋದು ಅದೇ ಜಾಸ್ತಿ. ಕುತ್ತಿಗೆಗೆ ಸುತ್ತಿದ ಕಪ್ಪು ದಾರ ಬಿಚ್ಚಿ ನೋಡಿ, ಬಿರುಕು ಅಡಗಿರೋದು ಅದರ ಕೆಳಗೇ. ಬಿರುಕಿಲ್ಲದಿದ್ದರೆ ಮೇಣ ಉಜ್ಜಿದ ದಾರ ಮತ್ತೆ ಬಿಗಿಯಾಗಿ ಸುತ್ತಿ, ಚಪ್ಪಲಿ ಹೊಲಿಯೋರ ಹತ್ತಿರ ಸಿಗೋ ದಾರವೇ ಸಾಕು. ಮೈಮೇಲಿನ ವಾರ್ನಿಷ್ ಎಲ್ಲಿ ಎದ್ದಿದೆಯೋ ಅಲ್ಲಿ ಮೊದಲು ಮುಚ್ಚಿ. ಇವು ಪಳೆಯುಳಿಕೆ ಅಂದುಕೊಳ್ಳಬೇಡಿ, ಲೋಹದ ವುಡ್ 1979ರಲ್ಲೇ ಬಂದರೂ 1993ರಲ್ಲಿ ಬರ್ನ್‌ಹಾರ್ಡ್ ಲಾಂಗರ್ ಮಾಸ್ಟರ್ಸ್ ಟೂರ್ನಿ ಗೆದ್ದಿದ್ದು ಪರ್ಸಿಮನ್ ಡ್ರೈವರಿನಲ್ಲೇ, ಅಂದರೆ ಎಲ್ಲಕ್ಕಿಂತ ದೂರ ಹೊಡೆಯೋ ವುಡ್‌ನಲ್ಲೇ.

ದೂರ ಕಮ್ಮಿಯಾಗುತ್ತಾ ಅಂತ ಕೇಳಿದಿರಿ. ಆಗುತ್ತೆ, ಆದರೆ ಅದರಲ್ಲಿ ಅರ್ಧಪಾಲು ಬರೀ ನಂಬರಿನ ಆಟ. 1970ರ ದಶಕದ 7 ಐರನ್ ಲಾಫ್ಟ್, ಅಂದರೆ ಮುಖದ ಓರೆ, 38-40 ಡಿಗ್ರಿ ಇರುತ್ತಿತ್ತು; ಓರೆ ಹೆಚ್ಚಿದಷ್ಟೂ ಬಾಲು ಮೇಲೇರಿ ಹತ್ತಿರ ಬೀಳುತ್ತೆ. ಈಗ ಅಂಗಡಿಯಲ್ಲಿ 7 ಅಂತ ಕೊಡೋದು 30ರ ಆಸುಪಾಸು. ತಾತನ 7 ನಿಮ್ಮ ಈಗಿನ 9ರಷ್ಟು ಹೋದರೆ ನೀವು ವೀಕ್ ಆಗಿದ್ದೀರಿ ಅಂತಲ್ಲ. ನಮ್ಮೂರ ಅದಿತಿ ಅಶೋಕ್ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ತನಗಿಂತ ಎಷ್ಟೋ ಮುಂದಕ್ಕೆ ಹೊಡೆಯೋರ ನಡುವೆ ನಾಲ್ಕನೇ ಸ್ಥಾನಕ್ಕೆ ಬಂದಿದ್ದು ಪಟ್ಟರಿನ ಬಲದಿಂದ. ಹಿಕರಿಗೆ ಬೇಕಿರೋದು ಸಾವಧಾನ. ಮರದ ಶಾಫ್ಟ್ ಬಾಗೋದು ಮಾತ್ರ ಅಲ್ಲ, ತಿರುಚುತ್ತೆ ಕೂಡ. ಮೇಲಿಂದ ರಪ್ ಅಂತ ಇಳಿಸಿದರೆ ಹೆಡ್ ತಡವಾಗಿ ಬಂದು ಬಾಲು ಬಲಕ್ಕೆ ಓಡುತ್ತೆ. ಮುಕ್ಕಾಲು ಸ್ವಿಂಗು, ಮೇಲೆ ಒಂದು ಕ್ಷಣ ತಡೆದು, ಆಮೇಲೆ ಇಳಿಸಿ. ಸರಿಯಾಗಿ ಕೂತಾಗ ಕೈಗೆ ಏನೂ ತಿಳಿಯಲ್ಲ, ಬಾಲು ಇತ್ತೋ ಇಲ್ಲವೋ ಅನ್ನೋ ಹಾಗೆ. ಆ ಒಂದು ಏಟಿಗೋಸ್ಕರ ನಾನು ಹನ್ನೆರಡು ಕೆಟ್ಟ ಏಟು ಸಹಿಸ್ತೀನಿ.

ಜಾಗಕ್ಕೆ, ಸ್ಯಾಂಕಿ ರಸ್ತೆ ಪಕ್ಕದ ಬೆಂಗಳೂರು ಗಾಲ್ಫ್ ಕ್ಲಬ್ ಇಂಥ ಕ್ಲಬ್ಬುಗಳಿಗೆ ಹೇಳಿ ಮಾಡಿಸಿದ್ದು. 1876ರದ್ದು ಅದು, ಮರಗಳ ನಡುವೆ ಇಕ್ಕಟ್ಟು, ಜೋರಾಗಿ ಹೊಡೆಯೋರಿಗೆ ಅಲ್ಲಿ ಲಾಭ ಕಮ್ಮಿ. ಪರಿಚಯದ ಮೆಂಬರ್ ಇದ್ದರೆ ಅತಿಥಿಯಾಗಿ ಹೋಗಿ. ನಾನು ಹೋದಾಗ ಬ್ಯಾಗ್ ಹೊರೋ ಕ್ಯಾಡಿ ಅದನ್ನ ನೋಡಿ "ಏನ್ ಸಾರ್, ಮ್ಯೂಸಿಯಂ ಹೊತ್ಕೊಂಡ್ ಬಂದಿದೀರಾ" ಅಂದ. ಮೂರನೇ ಹೋಲ್ ಹೊತ್ತಿಗೆ ಅವನೇ ಮ್ಯಾಶಿ ಇಸ್ಕೊಂಡು ಎರಡು ಏಟು ಹೊಡೆದು ನೋಡಿದ, ನನಗಿಂತ ಚೆನ್ನಾಗಿ. ಮೊದಲ ದಿನವೇ ಹದಿನೆಂಟೂ ಹೋಲ್ ಆಡೋಕೆ ಹೋಗಬೇಡಿ, ಐದಾರು ಕ್ಲಬ್ ಸಾಕು, ಒಂದು ಈಗಿನ ಐರನ್ನೂ ಜೊತೆಗಿರಲಿ.

ಈಗ ಪಟ್ಟರ್. ಹೆಡ್ ಹಿತ್ತಾಳೆ ಬಣ್ಣದ್ದು, ಹಿಂಬದಿ ಅಗೆದ ಹಾಗಿದೆ, ಪಿಂಗ್ ಅಂತ ಕಾಣುತ್ತೆ ಅಂದಿರಿ. ಪಿಂಗ್ ಅನ್ನೋದು ಅಮೆರಿಕದ ಕಂಪನಿ, ಅದರ ಆನ್ಸರ್ ಮಾದರಿ 1966ರದ್ದು. ಅದರಲ್ಲಿ ಆನ್ಸರ್ ಅನ್ನೋದನ್ನ ಇಂಗ್ಲಿಷಿನಲ್ಲಿ ಡಬ್ಲ್ಯೂ ಇಲ್ಲದೆ ಕೆತ್ತಿರ್ತಾರೆ, ಅದು ತಪ್ಪಲ್ಲ. ಊರಿನ ಹೆಸರೂ ಇರುತ್ತೆ. ಫೀನಿಕ್ಸ್ ಅಂತಿದ್ದರೆ ಒಳ್ಳೇ ಹಳೇ ಪಟ್ಟರ್, ಆಡಿ. ಸ್ಕಾಟ್ಸ್‌ಡೇಲ್ ಅಂತಿದ್ದರೆ ಮೊದಮೊದಲಿನದ್ದು, ಸಂಗ್ರಹಕಾರರು ಹುಡುಕೋದು ಅದನ್ನೇ, ಉಳಿದ ಹನ್ನೊಂದೂ ಸೇರಿದರೂ ಅದರ ಬೆಲೆ ಬರಲಿಕ್ಕಿಲ್ಲ. ಸಾಮಾನ್ಯ ಹಿಕರಿ ಐರನ್ನುಗಳನ್ನ ಆ ಕಾಲದಲ್ಲಿ ರಾಶಿ ರಾಶಿ ಮಾಡಿದ್ದಾರೆ, ಅವಕ್ಕೆ ಲಕ್ಷ ಯಾರೂ ಕೊಡಲ್ಲ.

ಪಟ್ಟರನ್ನ ಒದ್ದೆ ಬಟ್ಟೆಯಲ್ಲಿ ಒರೆಸಿ, ಅಷ್ಟೇ, ಪೀತಾಂಬರಿ ಹುಣಸೆಹಣ್ಣು ಯಾವುದೂ ಬೇಡ. ಹಿಂಬದಿ ಮತ್ತೆ ತಳದ ಫೋಟೋ ಹಾಕಿ, ಫ್ಲ್ಯಾಶ್ ಇಲ್ಲದೆ, ಕಿಟಕಿ ಪಕ್ಕ ಇಟ್ಟು. ಆಯಸ್ಕಾಂತ ಯಾವುದಕ್ಕೆ ಅಂಟಿತು ಅಂತಲೂ ಬರೀರಿ.