ಕೈ ಮೇಲೆತ್ತಿದಾಗ ಭುಜವನ್ನು ಕೆಳಗೆ ಎಳೆಯಬೇಕೇ?

ಎರಡೂ ಕೈ ಮೇಲೆತ್ತಿ ನಿಲ್ಲುವ ಊರ್ಧ್ವ ಹಸ್ತಾಸನದಲ್ಲಿ ‘ಭುಜ ಕಿವಿಯಿಂದ ದೂರ, ಕೆಳಗೆ ಎಳೆಯಿರಿ’ ಎನ್ನುತ್ತಾರೆ, ಹಾಗೆ ಮಾಡಿದರೆ ಭುಜದ ತುದಿ ಚುಚ್ಚುತ್ತದೆ, ಯಾಕೆ ಎಂದು ಕೇಳಿದ್ದೀರಿ.

ದಯವಿಟ್ಟು ಬಲವಂತವಾಗಿ ಎಳೆಯಬೇಡಿ. ಕೈ ಪೂರ್ತಿ ಮೇಲೆ ಹೋಗುವುದು ಒಂದೇ ಕೀಲಿನ ಕೆಲಸ ಅಲ್ಲ. ಸುಮಾರು 180 ಡಿಗ್ರಿಯಲ್ಲಿ 120ರಷ್ಟು ತೋಳಿನ ಕೀಲಿನಿಂದ ಬರುತ್ತದೆ. ಉಳಿದ 60 ಬರುವುದು ಬೆನ್ನಿನ ಮೇಲಿರುವ ಹೆಗಲೆಲುಬು, ಅಂದರೆ ಸ್ಕ್ಯಾಪುಲಾ, ತಿರುಗುವುದರಿಂದ. ನಂಬಿಕೆ ಬರದಿದ್ದರೆ ಜೊತೆಯವರ ಹೆಗಲೆಲುಬಿನ ಕೆಳಮೂಲೆಯ ಮೇಲೆ ಬೆರಳಿಟ್ಟು, ನಿಧಾನವಾಗಿ ಕೈ ಎತ್ತಲು ಹೇಳಿ. ಆ ಮೂಲೆ ಕಂಕುಳಿನ ಕಡೆಗೆ ಜಾರುವುದು ಚೆನ್ನಾಗಿ ಗೊತ್ತಾಗುತ್ತದೆ.

ಹೆಗಲೆಲುಬನ್ನು ಹೀಗೆ ತಿರುಗಿಸುವುದು ಟ್ರಪೀಜಿಯಸ್ ಮತ್ತು ಸೆರೇಟಸ್ ಆಂಟೀರಿಯರ್ ಸ್ನಾಯುಗಳು. ನೀವು ಜೋರಾಗಿ ಕೆಳಗೆ ಎಳೆದರೆ ಬೆನ್ನಿನ ದೊಡ್ಡ ಸ್ನಾಯು ಲ್ಯಾಟಿಸಿಮಸ್ ಇದಕ್ಕೆ ಎದುರಾಗಿ ನಿಲ್ಲುತ್ತದೆ. ಅದು ತೋಳನ್ನು ಒಳಕ್ಕೂ ತಿರುಗಿಸುತ್ತದೆ. ಆಗ ಭುಜದ ತುದಿಯ ಮೂಳೆ ಅಕ್ರೋಮಿಯನ್ ಕೆಳಗೆ ಹಾದುಹೋಗುವ ಸುಪ್ರಾಸ್ಪೈನೇಟಸ್ ಸ್ನಾಯುರಜ್ಜುವಿಗೆ (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿಗೆ) ಜಾಗ ಕಡಿಮೆಯಾಗಬಹುದು. ಚುಚ್ಚುವುದಕ್ಕೆ ಇದೂ ಒಂದು ಕಾರಣ.

ಕುತ್ತಿಗೆ ಬಿಗಿಹಿಡಿಯಬೇಡಿ ಅನ್ನುವುದೇ ಆ ಸೂಚನೆಯ ಉದ್ದೇಶ ಅಲ್ವಾ? ಹಾಗಿದ್ದರೆ ಅದನ್ನೇ ನೇರವಾಗಿ ಹೇಳುವುದು ಒಳ್ಳೆಯದು. ‘ತೋಳನ್ನು ಸ್ವಲ್ಪ ಹೊರಕ್ಕೆ ತಿರುಗಿಸಿ, ಬೆರಳುಗಳನ್ನು ಮೇಲಕ್ಕೆ ಚಾಚಿ, ಭುಜ ತಾನಾಗಿ ಏರಲಿ’ ಎನ್ನಿ. ಅಂಗೈ, ಪಾದ ನೆಲಕ್ಕೂರಿ ಸೊಂಟ ಮೇಲೆತ್ತುವ ಅಧೋಮುಖ ಶ್ವಾನಾಸನಕ್ಕೂ ಇದೇ ಮಾತು. ಅಂಗೈಗಳು ಭುಜದ ಅಗಲಕ್ಕಿಂತ ಸ್ವಲ್ಪ ಜಾಸ್ತಿ ದೂರ ಇದ್ದರೆ ಹಲವರಿಗೆ ಹಗುರ ಅನ್ನಿಸುತ್ತದೆ.

ಆದರೂ ನೋವು ಹೋಗದಿದ್ದರೆ, ರಾತ್ರಿ ಆ ಮಗ್ಗುಲಿಗೆ ಮಲಗಲು ಆಗದಿದ್ದರೆ, ಆಸನ ನಿಲ್ಲಿಸಿ ಫಿಸಿಯೋಥೆರಪಿಸ್ಟ್‌ಗೆ ತೋರಿಸಿ.